ಒಣಗಿದಾನಾ, ನೀರಿದೆಯಾ

ಹಗಲೆಲ್ಲ ಜನರ ಮೂಳೆ ನೋಡುವುದು ಅವನ ಕೆಲಸ. ಸಂಜೆಯಾದರೆ ಮಾಂಸಖಂಡ ನೋಡುವುದು ಅವನ ಹುಚ್ಚು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ತೆಗೆಯುವವನು, ತಾನೇ ಒಂದು ಎಕ್ಸ್‌ರೇ ಇದ್ದ ಹಾಗಿದ್ದ. ಗಾಳಿ ಸ್ವಲ್ಪ ಜೋರಾಗಿ ಬೀಸಿದರೆ ಕಂಬ ಹಿಡಿದುಕೊಂಡು ನಿಲ್ಲಬೇಕಾದಂಥ ಮೈ. ಇಂಥವನು ದೇಹದಾರ್ಢ್ಯ ಸ್ಪರ್ಧೆಗಳ ಪರಮಭಕ್ತ ಎಂದರೆ ಯಾರು ತಾನೇ ನಗುವುದಿಲ್ಲ? ಎಲ್ಲರೂ ನಕ್ಕರು. ಭಾವ ನಗುವುದರ ಜೊತೆಗೆ ಒಂದು ಹೆಸರನ್ನೂ ಇಟ್ಟ: ಕಡ್ಡಿ ಪೈಲ್ವಾನ. ದಿನ ಕಳೆದಂತೆ ಪೈಲ್ವಾನ ಉದುರಿಹೋಗಿ ಬರೀ ಕಡ್ಡಿ ಉಳಿಯಿತು.

ಭಾವ ಎಂದರೆ ಅಕ್ಕನ ಗಂಡ. ಗೋದಾಮಿನಲ್ಲಿ ಸಾಮಾನು ಎತ್ತಿಡುವ ಗಾಡಿ ಓಡಿಸುತ್ತಿದ್ದ. ಮದುವೆಗೆ ಮುಂಚೆ ಜಿಮ್ಮಿನಲ್ಲಿ ಬೆವರು ಹರಿಸಿ ಒಂದು ಸ್ಪರ್ಧೆಯಲ್ಲಿ ಮೂರನೆಯವನಾಗಿ ಬಂದಿದ್ದ. ಒಟ್ಟು ಎಷ್ಟು ಜನ ಇದ್ದರು ಎಂದು ಅಕ್ಕ ಕೇಳಿದಾಗಲೆಲ್ಲ ಮಾತು ಮರೆಸುತ್ತಿದ್ದ. ಅಪ್ಪ ಅಮ್ಮ ಬೇಗ ತೀರಿಕೊಂಡದ್ದರಿಂದ ಅಕ್ಕ ಗಂಡನ ಮನೆಗೆ ಹೊರಟಾಗ ಅವಳ ಪೆಟ್ಟಿಗೆಗಳ ಜೊತೆ ಇವನೂ ಹೋಗಿ ಇಳಿದ. ಹೊಸ ಮನೆಯ ಮೂಲೆಯಲ್ಲಿ ಮುಖ ಚಿಕ್ಕದು ಮಾಡಿಕೊಂಡು ನಿಂತಿದ್ದ ಹುಡುಗನನ್ನು ಭಾವ ಸೋಫಾದ ಮೇಲೆ ಕೂರಿಸಿಕೊಂಡು, ‘ಬಾರೋ, ಮನುಷ್ಯರು ಹೇಗಿರ್ತಾರೆ ತೋರಿಸ್ತೀನಿ’ ಎಂದು ಟಿ.ವಿ.ಯಲ್ಲಿ ಸ್ಪರ್ಧೆ ಹಾಕಿದ. ಆವತ್ತು ಹತ್ತಿದ ಹುಚ್ಚು. ಕೆಲಸ ಸಿಕ್ಕಿ ಬೇರೆ ಕೋಣೆ ಮಾಡಿಕೊಂಡ ಮೇಲೂ ಭಾನುವಾರ ಅವನು ಆ ಸೋಫಾ ತಪ್ಪಿಸಿದವನಲ್ಲ. ಹೆಣ್ಣು ನೋಡುವ ಮಾತು ಬಂದಾಗಲೂ ಭಾನುವಾರ ಬಿಟ್ಟು ಬೇರೆ ದಿನ ಇಟ್ಟುಕೊಳ್ಳಿ ಎಂದಿದ್ದ. ಬೇರೆ ದಿನ ಯಾರಿಗೂ ಬಿಡುವಾಗಲಿಲ್ಲ, ಮದುವೆಯೂ ಆಗಲಿಲ್ಲ.

ಭಾವ ಮೈದುನರಿಗೆ ತಮ್ಮದೇ ಒಂದು ಭಾಷೆ ಇತ್ತು. ಸ್ಪರ್ಧೆಗೆ ಇಳಿಯುವವರು ಕೊನೆಯ ದಿನಗಳಲ್ಲಿ ನೀರು ಕಡಿಮೆ ಮಾಡಿ ಮೈಯ ತೇವವನ್ನೆಲ್ಲ ಹಿಂಡಿ ತೆಗೆಯುತ್ತಾರೆ. ಆಗ ತೊಗಲು ಕಾಗದದಂತೆ ತೆಳ್ಳಗಾಗಿ ಒಳಗಿನ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ಹಾಗೆ ಬಂದವನನ್ನು ಕಂಡರೆ ಭಾವ ಸೋಫಾದ ಅಂಚಿಗೆ ಸರಿದು, ‘ಒಣಗಿದಾನೆ ಕಣೋ!’ ಎನ್ನುತ್ತಿದ್ದ. ಅದಕ್ಕಿಂತ ದೊಡ್ಡ ಹೊಗಳಿಕೆ ಆ ಮನೆಯಲ್ಲಿರಲಿಲ್ಲ. ಮೈ ಮಂಜಾಗಿ ಕಂಡರೆ ‘ನೀರಿದೆ’ ಎಂಬ ಒಂದೇ ಮಾತಿನಲ್ಲಿ ಅವನ ಕಥೆ ಮುಗಿಯಿತು. ಕೈಗಳನ್ನು ಸೊಂಟಕ್ಕೆ ಕೊಟ್ಟು ಮೊಣಕೈ ಮುಂದೆ ತಂದು ಬೆನ್ನು ಅಗಲಿಸಿ ತೋರಿಸುವುದಕ್ಕೆ ‘ರೆಕ್ಕೆ’ ಎಂದು ಹೆಸರು.

ಅಕ್ಕ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: ‘ಒಣಗಿದಾನಂತೆ, ಒಣಗಿದಾನೆ! ಹಗ್ಗದ ಮೇಲಿರೋ ಬಟ್ಟೆ ಒಣಗಿದ್ಯಾ ಅಂತ ಈ ಮನೇಲಿ ಒಬ್ರಾದ್ರೂ ನೋಡ್ತೀರಾ?’ ಬಾಲ್ಕನಿಯ ಆ ಹಗ್ಗಕ್ಕೂ ಅವಳದೇ ಕಾನೂನಿತ್ತು. ಬಾಗಿಲ ಕಡೆಯ ಅರ್ಧ ಗಂಡಸರದು, ಬಿಸಿಲು ಬೀಳುವ ಕಡೆಯ ಅರ್ಧ ಅವಳದು. ಜಿಮ್ಮಿನ ಬನಿಯನ್ ತನ್ನ ಬಟ್ಟೆಗೆ ತಗುಲಿದರೆ ಮತ್ತೆ ಒಗೆಯಬೇಕಾಗುತ್ತದೆ ಎಂದು ಹಟ. ಅವಳು ಕೂಗಿದಾಗ ಇಬ್ಬರೂ ‘ಹೂಂ, ಹೂಂ’ ಎನ್ನುತ್ತಿದ್ದರು. ಏಳುತ್ತಿರಲಿಲ್ಲ. ಅಷ್ಟೊತ್ತಿಗೆ ಸರಿಯಾಗಿ ಯಾವನೋ ರೆಕ್ಕೆ ಬಿಚ್ಚುತ್ತಿರುತ್ತಿದ್ದ.

ಇನ್ನು ಅವನ ಕೆಲಸದ ವಿಚಾರ. ಎದೆಯ ಎಕ್ಸ್‌ರೇ ತೆಗೆಯುವಾಗ ರೋಗಿ ಫಲಕಕ್ಕೆ ಎದೆ ಒತ್ತಿ, ಕೈಗಳನ್ನು ಸೊಂಟಕ್ಕೆ ಕೊಟ್ಟು, ಮೊಣಕೈ ಮುಂದೆ ತಂದು ನಿಲ್ಲಬೇಕು. ಅಂದರೆ ರೆಕ್ಕೆ ಬಿಚ್ಚಬೇಕು! ಕೆಮ್ಮುವ ಮುದುಕಿ ಇರಲಿ, ನೌಕರಿಯ ತಪಾಸಣೆಗೆ ಬಂದ ಹುಡುಗಿ ಇರಲಿ, ಎಲ್ಲರಿಂದಲೂ ದಿನವಿಡೀ ಸ್ಪರ್ಧೆಯ ಭಂಗಿ ಹಾಕಿಸುತ್ತೇನೆ ಎಂದು ಅವನಿಗೆ ಒಳಗೊಳಗೇ ನಗು. ಗಾಜಿನ ಹಿಂದೆ ಹೋಗಿ ಮೈಕಿನಲ್ಲಿ ಹೇಳುವುದು ಮೂರೇ ಮಾತು: ‘ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಬಿಡಿ.’ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಮೂರನೆಯ ಮಾತು ಮರೆತು ಬೇರೇನೋ ಬರೆಯುತ್ತ ಕೂತ. ತಲೆ ಎತ್ತಿದರೆ ಒಬ್ಬ ನಿವೃತ್ತ ಮೇಷ್ಟ್ರು ಮುಖ ಕೆಂಪಗೆ ಮಾಡಿಕೊಂಡು ಉಸಿರು ಕಟ್ಟಿ ನಿಂತೇ ಇದ್ದರು. ‘ನೀವು ಬಿಡಿ ಅನ್ನಲಿಲ್ಲವಲ್ಲ’ ಎಂದರಂತೆ ಆಮೇಲೆ. ಇದನ್ನು ಕೇಳಿ ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದಿನಿಂದ ಆ ಮನೆಯಲ್ಲಿ ಯಾರಾದರೂ ಮುಖ ಊದಿಸಿ ಕೂತರೆ ಅವಳು ಮೈಕು ಹಿಡಿದವಳ ಧಾಟಿಯಲ್ಲಿ, ‘ಬಿಡಿ’ ಎನ್ನುವಳು. ಕೂತವರು ನಗಲೇಬೇಕು.

ಅಂಥ ಅಕ್ಕನಿಗೆ ಕಾಯಿಲೆ ಬಂತು. ತಿಂಗಳುಗಟ್ಟಲೆ ಒಳಗಿಂದ ತಿಂದಿತು. ಒಂದು ಮಧ್ಯಾಹ್ನ ಹಾಸಿಗೆಯಲ್ಲಿ ಎದ್ದು ಕೂತು ತಲೆ ಬಾಚಿಕೊಳ್ಳಲು ಕೈ ಎತ್ತಿದಳು. ಮೇಲಂಗಿಯ ತೋಳು ಜಾರಿತು. ಅವನ ಕಣ್ಣು, ಅಷ್ಟು ವರ್ಷ ಪಳಗಿದ ಕಣ್ಣು, ಯಾರೂ ಕೇಳದೆಯೇ ತನ್ನ ಕೆಲಸ ಮಾಡಿಬಿಟ್ಟಿತು. ಭುಜದ ಎಳೆಗಳನ್ನು ಬೇರೆ ಬೇರೆ ಮಾಡಿ ನೋಡಿತು, ಕತ್ತಿನ ಕೆಳಗಿನ ಗುಳಿಯನ್ನು ಅಳೆಯಿತು, ಒಣಗಿದಾಳೆ ಎಂದಿತು. ಅವನಿಗೆ ಆ ಕಣ್ಣನ್ನು ಕಿತ್ತೆಸೆಯಬೇಕು ಅನ್ನಿಸಿತು. ಅಕ್ಕ ಅವನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯುತ್ತಿತ್ತು. ಬಾಚಣಿಗೆ ಹಿಡಿದ ಕೈಯನ್ನು ಸ್ಪರ್ಧಿಗಳ ಹಾಗೆ ತಿರುಗಿಸಿ, ‘ನೋಡ್ರೋ, ಈಗ ನಾನೂ ಒಣಗಿದೀನಿ. ಇನ್ನಾದ್ರೂ ನನ್ನ ಕಡೆ ನೋಡ್ತೀರಾ ಇಬ್ರೂ?’ ಎಂದಳು. ಭಾವ ನಕ್ಕ. ಅವನೂ ನಕ್ಕ. ಆ ಚಳಿಗಾಲ ಮುಗಿಯುವ ಮೊದಲೇ ಅಕ್ಕ ಹೋದಳು.

ಆಮೇಲೆ ಹುಚ್ಚು ಬಿಡತೊಡಗಿತು. ಒಂದೇ ಏಟಿಗೆ ಬಿಟ್ಟಿದ್ದರೆ ಅವನಿಗೂ ಗೊತ್ತಾಗುತ್ತಿತ್ತು. ಅದು ಸದ್ದಿಲ್ಲದೆ ಹೋಯಿತು. ಮೊದಮೊದಲು ಅವನು ಬೇರೆಯವರ ಮೇಲೆ ತಪ್ಪು ಹೊರಿಸಿದ. ಈಗಿನವರಿಗೆ ಸೊಂಟವೇ ಇಲ್ಲ, ಹೊಟ್ಟೆ ಮುಂದೆ ಬಂದಿರುತ್ತದೆ, ಏನೇನೋ ಚುಚ್ಚಿಕೊಂಡು ಹರೆಯದಲ್ಲೇ ಎದೆ ಒಡೆದು ಸಾಯುತ್ತಾರೆ, ತೀರ್ಪುಗಾರರಿಗೆ ಕಣ್ಣಿಲ್ಲ. ಎಲ್ಲ ನಿಜವೇ. ಆದರೆ ಅಭಿಮಾನಿಗಳು ಇದನ್ನೆಲ್ಲ ಬೈಯುತ್ತಲೇ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿರುತ್ತಾರೆ, ಅವರ ಜಾತಿಯೇ ಹಾಗೆ. ಬೈಯುವುದಕ್ಕೂ ಬೇಸರವಾದ ದಿನ ಅವನಿಗೆ ಅರ್ಥವಾಯಿತು. ವೇದಿಕೆಯ ಮೇಲೆ ಗೆದ್ದವನು ನಗುತ್ತಿದ್ದ. ಕೆನ್ನೆ ಒಳಗೆ ಹೋಗಿತ್ತು, ತುಟಿ ಹಲ್ಲಿಗೆ ಅಂಟಿತ್ತು. ‘ಒಣಗಿದಾನೆ ಕಣೋ!’ ಎಂದು ಭಾವ ತೊಡೆ ತಟ್ಟಿದ. ಇವನಿಗೆ ಕಂಡದ್ದು ಅಕ್ಕನ ಕೆನ್ನೆ. ನೀರು ಕುಡಿಸಬೇಕು ಅನ್ನಿಸಿತೇ ಹೊರತು ಚಪ್ಪಾಳೆ ತಟ್ಟಬೇಕು ಅನ್ನಿಸಲಿಲ್ಲ.

ಅಲ್ಲಿಂದ ಮುಂದೆ ಬರೀ ನಾಟಕ. ‘ಡ್ಯೂಟಿ ಬದಲಾಗಿದೆ ಭಾವ, ಭಾನುವಾರ ಬರೋಕಾಗಲ್ಲ’ ಎಂದು ಸೋಫಾ ತಪ್ಪಿಸಿದ. ಫೋನಿನಲ್ಲೇ ಮಾತು. ಫೋನ್ ಮಾಡುವ ಮುಂಚೆ ಇಂಟರ್ನೆಟ್ಟಿನಲ್ಲಿ ಅಭಿಮಾನಿಗಳು ಬರೆದದ್ದನ್ನು ಓದಿ, ಪರೀಕ್ಷೆಗೆ ಹೋಗುವ ಹುಡುಗನಂತೆ ಬಾಯಿಪಾಠ ಮಾಡಿಕೊಳ್ಳುವುದು, ಆಮೇಲೆ ಒಂದೂ ಸ್ಪರ್ಧೆ ನೋಡದೆ ಅದನ್ನು ಒಪ್ಪಿಸುವುದು. ನಿಜ ಹೇಳಿದರೆ ಗಂಟೇನು ಹೋಗುತ್ತಿತ್ತು ಎಂದು ಕೇಳಬಹುದು. ಹೋಗುತ್ತಿತ್ತು. ಭಾವನಿಗೂ ಅವನಿಗೂ ನಡುವೆ ಇದ್ದದ್ದು ಅಕ್ಕ. ಅಕ್ಕನಿಗೆ ಮಕ್ಕಳಿರಲಿಲ್ಲ. ಅಕ್ಕ ಹೋದ ಮೇಲೆ ಅಕ್ಕನ ಗಂಡ ಏನಾಗಬೇಕು, ಯಾವ ಸಲುಗೆಯಿಂದ ಅವನ ಬಾಗಿಲು ತಟ್ಟಬೇಕು? ಈ ಒಂದು ಹುಚ್ಚು ಉಳಿದಿತ್ತು, ಅದಕ್ಕೆ ಜೋತುಬಿದ್ದು ಇಬ್ಬರೂ ಮಾತಾಡುತ್ತಿದ್ದರು. ಅದೂ ಹೋದರೆ ಈ ಪ್ರಪಂಚದಲ್ಲಿ ಅವನನ್ನು ‘ಲೇ ಕಡ್ಡಿ’ ಎನ್ನುವ ಒಂದೇ ಒಂದು ಬಾಯಿಯೂ ಇರುವುದಿಲ್ಲ. ಅವನಿಗೆ ಇದ್ದ ಭಯ ಅದು.

ನಾಟಕ ಎಷ್ಟು ದಿನ ನಡೆದೀತು? ವರ್ಷದ ದೊಡ್ಡ ಸ್ಪರ್ಧೆ ಬಂತು. ಅವತ್ತು ಆಸ್ಪತ್ರೆಯಲ್ಲಿ ಕಾಲಿಗೆ ಬಿಡುವಿರಲಿಲ್ಲ. ಬಸ್ಸಿನಲ್ಲಿ ನಿಂತುಕೊಂಡೇ ಏನೋ ಒಂದಿಷ್ಟು ಓದಿಕೊಂಡು, ಕೋಣೆಗೆ ಬಂದವನೇ ಫೋನ್ ಮಾಡಿದ.

‘ಏನ್ ಭಾವ, ಗೋಡೆ ಈ ಸಲ ಏನ್ ಒಣಗಿದಾನೆ! ಬೆನ್ನು ನೋಡಿದ್ರಾ?’

ಗೋಡೆ ಎಂದರೆ ಅವರಿಬ್ಬರೂ ಒಬ್ಬ ಸ್ಪರ್ಧಿಗೆ ಇಟ್ಟ ಅಡ್ಡಹೆಸರು. ಆ ಕಡೆ ಟಿ.ವಿ.ಯ ಸದ್ದು ಇಳಿಯಿತು.

‘ಗೋಡೆ ಈ ಸಲ ಹೆಸರೇ ಕೊಟ್ಟಿಲ್ಲವಲ್ಲೋ’ ಎಂದ ಭಾವ. ‘ಭುಜ ಕಿತ್ಕೊಂಡು ಮನೇಲಿ ಮಲಗಿದಾನೆ.’

ಅವನು ಓದಿದ್ದು ಹಿಂದಿನ ವರ್ಷದ ಸುದ್ದಿ. ‘ಹಾಗಲ್ಲ ಭಾವ, ಅದು…’ ಎಂದು ತೇಪೆ ಹಚ್ಚಲು ಹೊರಟ.

‘ಬಿಡು’ ಎಂದು ಭಾವ ಫೋನ್ ಇಟ್ಟ.

ಮುಂದಿನ ಭಾನುವಾರ ಭಾವನ ಫೋನ್ ಬರಲಿಲ್ಲ. ಅದರ ಮುಂದಿನದೂ ಬರಲಿಲ್ಲ. ತಾನಾಗಿ ಮಾಡಲು ಮುಖವಿಲ್ಲ. ಮೇಜಿನ ಮೇಲೆ ಫೋನಿಟ್ಟುಕೊಂಡು ಅದನ್ನು ನೋಡದೆ ಇರುವುದಕ್ಕೆ ಮಾಡುವ ಕೆಲಸಗಳನ್ನೆಲ್ಲ ಮಾಡಿದ. ಒಲೆ ತಿಕ್ಕಿದ, ಶೂಗಳಿಗೆ ಪಾಲಿಶ್ ಹಾಕಿದ, ಕಿಟಕಿಯ ಗಾಜು ಒರೆಸಿದ. ಪಕ್ಕದ ಕೋಣೆಯಲ್ಲಿ ಯಾರೋ ಯಾರನ್ನೋ ಊಟಕ್ಕೆ ಕರೆದದ್ದು ಗೋಡೆಯ ಮೂಲಕ ಕೇಳಿಸಿತು. ಒಂದು ಭಾನುವಾರ ಹಟಕ್ಕೆ ಬಿದ್ದು ಸ್ಪರ್ಧೆಯನ್ನು ಹಾಕಿ ಪೂರ್ತಿ ನೋಡಿದ. ಜ್ವರ ಬಂದ ಬಾಯಿಗೆ ಊಟ ಹಾಕಿದ ಹಾಗಾಯಿತು. ಒಂದು ಕಾಲದಲ್ಲಿ ಇದೇ ದೃಶ್ಯಕ್ಕೆ ಮೈ ನವಿರೆದ್ದು ಸೋಫಾದಿಂದ ಜಿಗಿದಿದ್ದೆನಲ್ಲ, ಆ ಮನುಷ್ಯ ಎಲ್ಲಿ ಹೋದ ಎಂದು ತನ್ನನ್ನೇ ಹುಡುಕಿದ. ಸಿಗಲಿಲ್ಲ. ಅಷ್ಟು ದೊಡ್ಡ ಊರಿನಲ್ಲಿ ಅವತ್ತು ಅವನಷ್ಟು ಒಂಟಿ ಯಾರೂ ಇರಲಿಕ್ಕಿಲ್ಲ. ಒಬ್ಬ ಇದ್ದ, ಆದರೆ ಅದು ಅವನಿಗೆ ಹೊಳೆಯಲಿಲ್ಲ.

ಆ ಒಬ್ಬ ಒಂದು ಬುಧವಾರ ನೆಲಮಾಳಿಗೆಯ ಬೆಂಚಿನ ಮೇಲೆ, ಡಾಕ್ಟರ ಚೀಟಿ ಹಿಡಿದುಕೊಂಡು ಕೂತಿದ್ದ.

‘ಎದೆ ಫೋಟೋ ತೆಗೆಸ್ಬೇಕಂತೆ. ಕೆಮ್ಮು’ ಎಂದ ಭಾವ. ಬೇರೆ ಮಾತಿಲ್ಲ. ಅವನೂ ಬೇರೆ ರೋಗಿಗಳಿಗೆ ಹೇಳುವಂತೆ, ‘ಶರ್ಟ್ ತೆಗೆದು ಇಲ್ಲಿ ನಿಂತ್ಕೊಳ್ಳಿ’ ಎಂದ. ಭಾವ ಶರ್ಟು ತೆಗೆದ.

ಒಂದು ಕಾಲದಲ್ಲಿ ಬಾಗಿಲಿನಷ್ಟು ಅಗಲವಿದ್ದ ಬೆನ್ನು. ಅದರ ಚೌಕಟ್ಟು ಈಗಲೂ ಇತ್ತು, ತುಂಬಿದ್ದದ್ದೆಲ್ಲ ಕರಗಿತ್ತು. ಒಬ್ಬನೇ ಬೇಯಿಸಿಕೊಂಡು ಒಬ್ಬನೇ ತಿನ್ನುವವನ ಮೈ ಎಂದು ನೋಡಿದ ಕೂಡಲೇ ಹೇಳಬಹುದಿತ್ತು. ಭಾವ ಫಲಕಕ್ಕೆ ಎದೆ ಕೊಟ್ಟ. ಕೈ ಎಲ್ಲಿಡಬೇಕೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮುಷ್ಟಿಗಳನ್ನು ಸೊಂಟಕ್ಕೆ ಕೊಟ್ಟು, ಮೊಣಕೈ ಮುಂದೆ ತಂದು, ನಿಧಾನವಾಗಿ, ಮೂರನೆಯ ಬಹುಮಾನ ಬಂದ ದಿನದ ಹಾಗೆಯೇ, ರೆಕ್ಕೆ ಬಿಚ್ಚಿದ.

ಅವನು ಗಾಜಿನ ಹಿಂದೆ ಹೋದ. ‘ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ.’ ಗುಂಡಿ ಒತ್ತಿದ. ಯಂತ್ರ ಗುಂಯ್‌ಗುಟ್ಟಿ ನಿಂತಿತು.

ಮೂರನೆಯ ಮಾತು ಬರಲಿಲ್ಲ. ಎದುರಿಗೆ ಆ ಬೆನ್ನು. ಅವನ ಹಾಳು ಕಣ್ಣು ಮತ್ತೆ ಕೆಲಸಕ್ಕಿಳಿದಿತ್ತು. ಒಣಗಿದಾನೆ, ಒಣಗಿದಾನೆ ಎನ್ನುತ್ತಿತ್ತು. ಮೈಕು ತೆರೆದಿರುವುದೂ ಮರೆತು ಅವನು ಮಾತಾಡತೊಡಗಿದ.

‘ಭಾವ, ನಾನು ನೋಡೋದು ಬಿಟ್ಟು ತುಂಬಾ ದಿನ ಆಯ್ತು. ಡ್ಯೂಟಿ ಗೀಟಿ ಎಲ್ಲ ಸುಳ್ಳು. ನೋಡೋಕಾಗಲ್ಲ ಭಾವ. ಯಾರನ್ನ ನೋಡಿದ್ರೂ ಅಕ್ಕನ ಕೈ ಕಾಣುತ್ತೆ. ಅವತ್ತು ಅವಳು ಹಾಗಂದಾಗ ನಾವು ನಕ್ಕುಬಿಟ್ವಲ್ಲ. ನಿಮಗೆ ಹೇಳಿದ್ರೆ ನೀವು ಮಾತಾಡೋದು ಬಿಟ್ಬಿಡ್ತೀರ ಅಂತ…’

ಭಾವನ ಕತ್ತು ಕೆಂಪಾಯಿತು. ಕಿವಿ ಕೆಂಪಾದವು. ಒಂದು ಕೈ ಸೊಂಟ ಬಿಟ್ಟು ಗಾಳಿಯಲ್ಲಿ ಆಡತೊಡಗಿತು.

‘ಅಯ್ಯೋ! ಬಿಡಿ! ಬಿಡಿ ಭಾವ!’

ಭಾವ ಬುಸ್ಸೆಂದು ಉಸಿರು ಬಿಟ್ಟು ಫಲಕಕ್ಕೆ ತಲೆ ಆನಿಸಿದ. ‘ಲೇ ಕಡ್ಡಿ… ಮೊದ್ಲು ಬಿಡಿ ಅನ್ನೋ. ಆಮೇಲೆ ಎಷ್ಟು ಬೇಕಾದ್ರೂ ಅಳುವಂತೆ.’

ಇಬ್ಬರಿಗೂ ಒಟ್ಟಿಗೆ ನಗು ಬಂತು, ಒಟ್ಟಿಗೆ ನಿಂತಿತು. ಭಾವ ಸ್ಟೂಲಿನ ಮೇಲೆ ಕೂತು ಶರ್ಟನ್ನು ತೊಡೆಯ ಮೇಲಿಟ್ಟುಕೊಂಡ.

‘ನೀನು ನೋಡ್ತಿಲ್ಲ ಅಂತ ನಂಗೆ ಯಾವಾಗ್ಲೋ ಗೊತ್ತಿತ್ತು. ಮೊದ್ಲೆಲ್ಲ ಬಾಯಿ ಬಿಟ್ರೆ ಒಬ್ಬೊಬ್ಬನ್ನೂ ಜಾಲಾಡ್ತಿದ್ದೆ. ಈಗ ಎಲ್ರೂ ಚೆನ್ನಾಗಿದಾರೆ ಅಂತೀಯ. ನಿಜವಾಗಿ ನೋಡೋನು ಹಾಗಂತಾನಾ?’

‘ಮತ್ತೆ ಯಾಕೆ ಕೇಳಲಿಲ್ಲ?’

‘ಕೇಳಿದ್ರೆ ಅಷ್ಟೂ ಮಾತಾಡ್ತಿರಲಿಲ್ಲ ನೀನು.’ ಭಾವ ಶರ್ಟು ತೊಟ್ಟು ಗುಂಡಿ ಹಾಕಿಕೊಳ್ಳತೊಡಗಿದ. ಒಂದು ಗುಂಡಿಯ ಮನೆ ತಪ್ಪಿತು, ಬಿಚ್ಚಿ ಮತ್ತೆ ಹಾಕಿದ. ‘ನಂಗೇನೂ ಬಿಟ್ಟಿಲ್ಲಪ್ಪ ಹುಚ್ಚು. ಟಿ.ವಿ. ಆರಿಸಿದ್ರೆ ಆ ಮನೇಲಿ ಉಸಿರಾಡೋ ಸದ್ದು ನಂದೊಂದೇ. ಇನ್ನು ಅವಳ ಮಾತು. ನಾವು ನಗ್ಲಿ ಅಂತಾನೇ ಹೇಳಿದ್ಲು ಕಣೋ, ನಕ್ಕಿದ್ದು ತಪ್ಪಲ್ಲ. ಆದ್ರೆ ಇನ್ನಾದ್ರೂ ನನ್ನ ಕಡೆ ನೋಡ್ತೀರಾ ಅಂತ ಕೇಳಿದ್ಲಲ್ಲ. ಅದಕ್ಕೆ ಇಬ್ರೂ ಉತ್ತರ ಕೊಡ್ಲಿಲ್ಲ.’

ಅವನು ಪರದೆಯ ಕಡೆ ತಿರುಗಿದ. ಚಿತ್ರ ಓದುವುದು ಡಾಕ್ಟರ ಕೆಲಸ, ಆದರೂ ಇಷ್ಟು ವರ್ಷ ನೋಡಿದವನಿಗೆ ತಿಳಿಯದೆ ಇರುತ್ತದೆಯೇ? ಎರಡು ಶ್ವಾಸಕೋಶಗಳೂ ಸ್ವಚ್ಛವಾಗಿದ್ದವು.

‘ಕೆಮ್ಮು ಯಾವಾಗಿಂದ ಭಾವ?’

‘ಯಾವ ಕೆಮ್ಮು?’ ಎಂದ ಭಾವ. ಆಮೇಲೆ ನೆನಪಾಗಿ ಒಂದು ಸಲ ಕೆಮ್ಮಿದ. ‘ನಿನ್ನ ಮುಖ ನೋಡೋಕೆ ಈಗ ಡಾಕ್ಟರ ಚೀಟಿ ಬೇಕಲ್ಲ’ ಎಂದು ಎದ್ದುನಿಂತ. ಬಾಗಿಲಿನ ಹತ್ತಿರ ತಿರುಗಿ, ‘ಭಾನುವಾರ ಬಾ. ಟಿ.ವಿ. ಹಾಕಲ್ಲ’ ಎಂದ.

‘ಮತ್ತೆ ಏನ್ ಮಾಡೋದು?’

ಭಾವ ಯೋಚಿಸಿದ. ‘ಗೊತ್ತಿಲ್ಲ’ ಎಂದು ಹೊರಟುಹೋದ.

ಭಾನುವಾರ ಅವನು ಹೋದ. ಟಿ.ವಿ. ಆರಿತ್ತು. ಕಪ್ಪು ಪರದೆಯಲ್ಲಿ ಸೋಫಾ, ಅದರ ಎರಡು ತುದಿಯಲ್ಲಿ ಇಬ್ಬರು ಗಂಡಸರು ಕಾಣುತ್ತಿದ್ದರು. ಟೀ ಕುಡಿದಾಯಿತು. ಗೋದಾಮಿಗೆ ಹೊಸ ಗಾಡಿ ಬಂದದ್ದನ್ನು ಭಾವ ಹೇಳಿದ, ಆಸ್ಪತ್ರೆಯ ಲಿಫ್ಟು ಕೆಟ್ಟದ್ದನ್ನು ಅವನು ಹೇಳಿದ. ಅಲ್ಲಿಗೆ ಮಾತಿನ ಚೀಲ ಬರಿದಾಯಿತು. ಇಷ್ಟು ವರ್ಷ ಒಂದೇ ಸೋಫಾದಲ್ಲಿ ಕೂತವರು ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಿಯೇ ಇರಲಿಲ್ಲ. ಬರಬಾರದಿತ್ತೇನೋ ಅನ್ನಿಸಿತು ಅವನಿಗೆ. ಭಾವ ರಿಮೋಟನ್ನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟ. ಇನ್ನು ಏಳುವುದೇ ಸರಿ ಎಂದು ಅವನು ಕಾಲು ಸರಿಸಿದ.

‘ಲೇ ಕಡ್ಡಿ’ ಎಂದ ಭಾವ, ಅವನ ಕಡೆ ನೋಡದೆ. ‘ಬಟ್ಟೆ ಒಣಗಿದ್ಯಾ ನೋಡೋ.’

ಅವನು ಎದ್ದು ಬಾಲ್ಕನಿಗೆ ಹೋದ. ಬಾಗಿಲ ಕಡೆಯ ಅರ್ಧ ಹಗ್ಗದಲ್ಲಿ ಭಾವನ ಶರ್ಟು, ಪ್ಯಾಂಟು, ಟವೆಲ್ಲು, ಹಾಸಿಗೆಯ ಹೊದಿಕೆ, ಎಲ್ಲ ಒಂದರ ಮೇಲೊಂದು ಒತ್ತಿಕೊಂಡು ನೇತಾಡುತ್ತಿದ್ದವು. ಬಿಸಿಲು ಬೀಳುವ ಕಡೆಯ ಅರ್ಧ, ಅಕ್ಕನದು, ಖಾಲಿ. ಅಲ್ಲಿ ಬರೀ ಕ್ಲಿಪ್ಪುಗಳಿದ್ದವು, ಅಕ್ಕ ಸಾಲಾಗಿ ಸಿಕ್ಕಿಸಿದ್ದ ಹಾಗೆಯೇ. ಅವನು ಒಂದು ಕ್ಲಿಪ್ಪನ್ನು ಬೆರಳಿನಿಂದ ಮುಟ್ಟಿದ. ಆಮೇಲೆ ಒಂದು ಶರ್ಟಿನ ಕಾಲರ್ ಹಿಡಿದು ಒತ್ತಿ ನೋಡಿದ.

‘ಇನ್ನೂ ನೀರಿದೆ ಭಾವ. ಒತ್ತೊತ್ತಾಗಿ ಹಾಕಿದೀರ, ಇಲ್ಲಿ ಒಣಗಲ್ಲ’ ಎಂದ. ಮುಂದಿನ ಮಾತಿಗೆ ಅವನು ಧೈರ್ಯ ತಂದುಕೊಳ್ಳಬೇಕಾಯಿತು. ‘ಆ ಕಡೆಗೆ ಸರಿಸ್ಲಾ?’

ಒಳಗೆ ಸೋಫಾ ಕಿರ್ರೆಂದಿತು. ಭಾವ ಬಾಲ್ಕನಿಯ ಬಾಗಿಲಿಗೆ ಬಂದು ನಿಂತು, ಖಾಲಿ ಹಗ್ಗವನ್ನು ನೋಡಿದ. ಉಸಿರು ಹಿಡಿದುಕೊಂಡಿದ್ದನೋ ಏನೋ, ಅದನ್ನು ಬಿಟ್ಟ ಸದ್ದು ಅವನಿಗೆ ಕೇಳಿಸಿತು.

‘ಸರಿಸು’ ಎಂದ ಭಾವ, ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡ.